ಏರ್ ರೈಫಲ್ ಭಾರ ಆಗ್ತಿದ್ಯಾ? ಅರವತ್ತರ ಆಸುಪಾಸಿನ ಶೂಟರ್‌ಗಳಿಗೆ ಒಂದು ಗೈಡ್

ಕಳೆದ ದಸರಾ ಮುಗಿದು ಒಂದು ವಾರ ಆಗಿತ್ತು, ರೇಂಜಲ್ಲಿ ನಲವತ್ತನೇ ಶಾಟ್ ಹೊತ್ತಿಗೆ ಎಡ ಭುಜದಲ್ಲಿ ಉರಿ ಶುರು ಆಯ್ತು, ಇನ್ನಿಪ್ಪತ್ತೇ ತಾನೆ ಅಂತ ಹಲ್ಲು ಕಚ್ಕೊಂಡು ಮುಗಿಸ್ದೆ. ಅವತ್ತು ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗ್ಲಿಲ್ಲ. ಬೆಳಿಗ್ಗೆ ಶರ್ಟಿನ ತೋಳಿಗೆ ಕೈ ತೂರಿಸೋಕೇ ಒದ್ದಾಡ್ತಿದ್ದಾಗ ನಮ್ಮನೆಯವ್ರು "ಸಾಕು ಬಿಡಿ ಇದರ ಸಹವಾಸ" ಅಂದ್ರು. ನಂಗೀಗ ಅರವತ್ಮೂರು, ರಿಟೈರ್ ಆದ್ಮೇಲೆ ಹಿಡಿದ ಆಟ ಇದು, ಬಿಡೋ ಮಾತು ಕೇಳಿದ್ರೇನೇ ಹೊಟ್ಟೆಯೊಳಗೆ ಸಂಕಟ ಆಯ್ತು.

ಬಿಡ್ಲಿಲ್ಲ. ಮೂರು ತಿಂಗಳು ರೈಫಲ್‌ನ, ನನ್ನ ಮೈನ, ಎರಡನ್ನೂ ಮತ್ತೆ ಸೆಟ್ ಮಾಡ್ಕೊಂಡೆ. ಆಗ ಕಲ್ತಿದ್ದನ್ನ ಇಲ್ಲಿ ಹಂತ ಹಂತವಾಗಿ ಬರೀತಿದ್ದೀನಿ, ಯಾಕಂದ್ರೆ ನನ್ನ ವಯಸ್ಸಿನ ಎಷ್ಟೋ ಜನ "ಕೈಲಿ ಆಗ್ತಿಲ್ಲ" ಅಂತ ಸುಮ್ನೆ ರೈಫಲ್ ಮಾರಿಬಿಡ್ತಾರೆ, ಆದ್ರೆ ಅದರಲ್ಲಿ ಅರ್ಧ ಜನಕ್ಕೆ ಸಮಸ್ಯೆ ತೂಕದ್ದಲ್ವೇ ಅಲ್ಲ, ತೂಕ ಎಲ್ಲಿ ಕೂತಿದೆ ಅನ್ನೋದರದ್ದು.

ಬಲಗೈಯವ್ರ ಲೆಕ್ಕದಲ್ಲಿ ಬರೀತೀನಿ, ಎಡಗೈಯವ್ರು ತಿರುಗಿಸಿ ಓದ್ಕೊಳ್ಳಿ.

ಮೊದ್ಲು ಒಂದು ಲೆಕ್ಕ

10 ಮೀಟರ್ ಏರ್ ರೈಫಲ್‌ಗೆ ಐಎಸ್‌ಎಸ್‌ಎಫ್ (ಶೂಟಿಂಗಿನ ಅಂತರರಾಷ್ಟ್ರೀಯ ಸಂಸ್ಥೆ) ರೂಲ್ ಪ್ರಕಾರ ಗರಿಷ್ಠ ತೂಕ 5.5 ಕೆಜಿ. ಗರಿಷ್ಠ ಅಷ್ಟೇ, ಕನಿಷ್ಠ ಇಷ್ಟಿರ್ಬೇಕು ಅಂತ ಎಲ್ಲೂ ಇಲ್ಲ. ಆದ್ರೆ ನಮ್ಮಲ್ಲಿ ಬಹಳ ಜನ ಆ 5.5 ಅನ್ನೋದನ್ನ ಗುರಿ ಥರ ನೋಡ್ತಾರೆ, ಭಾರ ಜಾಸ್ತಿ ಆದಷ್ಟೂ ಅಲುಗಾಟ ಕಮ್ಮಿ ಅಂತ ಬ್ಯಾರೆಲ್ ತುದಿಗೆ ವೇಟ್ ಮೇಲೆ ವೇಟ್ ಹಾಕಿಸ್ಕೊಳ್ತಾರೆ. ನಾನೂ ಪಕ್ಕದ ಲೇನಿನ ಹತ್ತೊಂಬತ್ತು ವರ್ಷದ ಹುಡುಗನ ಸೆಟಪ್ ನೋಡಿ ಹಾಗೇ ಮಾಡ್ಕೊಂಡಿದ್ದೆ, 4.8 ಕೆಜಿ.

ಈಗ ಲೆಕ್ಕ ನೋಡಿ. ಮ್ಯಾಚಿಗೆ 60 ಶಾಟ್, ಅದಕ್ಕೆ ಮುಂಚೆ ಸೈಟರ್ (ಲೆಕ್ಕಕ್ಕಿಲ್ಲದ ಪ್ರಯೋಗದ ಶಾಟ್) ಒಂದು ಹದಿನೈದು, ಸರಿಬರ್ಲಿಲ್ಲ ಅಂತ ಎತ್ತಿ ಇಳಿಸಿದ್ದು ಇನ್ನೊಂದು ಹದಿನೈದು ಅಂತ ಇಟ್ಕೊಂಡ್ರೆ 90 ಸಲ ಎತ್ತಬೇಕು. 90 ಸಲ 4.8 ಕೆಜಿ ಅಂದ್ರೆ 432 ಕೆಜಿ. ಅದೇ 3.8 ಆದ್ರೆ 342. ಒಂದು ಬೆಳಿಗ್ಗೇಲಿ 90 ಕೆಜಿ ವ್ಯತ್ಯಾಸ, ಹೆಚ್ಚೂಕಮ್ಮಿ ಎರಡು ಸಿಮೆಂಟ್ ಮೂಟೆ! ಹತ್ತೊಂಬತ್ತರ ಭುಜಕ್ಕೆ ಅದು ಲೆಕ್ಕಕ್ಕಿಲ್ಲ, ನಮಗೆ ಇದೆ. ಮೂವತ್ತು ದಾಟಿದ್ಮೇಲೆ ಸ್ನಾಯು ನಿಧಾನಕ್ಕೆ ಕರಗ್ತಾ ಬರತ್ತೆ, ಅರವತ್ತು ದಾಟಿದ್ಮೇಲೆ ಇನ್ನೂ ಬೇಗ, ಭುಜದ ಕೀಲಿನ ಸುತ್ತ ಇರೋ ಹಗ್ಗದಂಥ ಕಟ್ಟುಗಳೂ ಸವೆದಿರತ್ತೆ.

ಕೊಡಗಲ್ಲಿ ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುರಿ ಇಡೋ ಸ್ಪರ್ಧೆ ನಡೆಯತ್ತಲ್ಲ, ಅಲ್ಲಿ ವಯಸ್ಸಾದ ಅಜ್ಜಂದಿರೂ ಬಂದು ನಿಂತು ಹೊಡೀತಾರೆ. ಅವರಿಗೆ ಆಗತ್ತೆ ನಮಗ್ಯಾಕೆ ಆಗಲ್ಲ ಅಂದ್ರೆ, ಅಲ್ಲಿ ಎತ್ತೋದು ಎಣಿಸಿ ಕೆಲವೇ ಸಲ. ನಮ್ಮ ಆಟದ ಕಷ್ಟ ಇರೋದು ಆ ಅರವತ್ತು ಶಾಟಲ್ಲಿ.

ಹಂತ 1: ತೂಕ ನೋಡಿ, ಆಮೇಲೆ ಬ್ಯಾಲೆನ್ಸ್ ನೋಡಿ

ಗಾಳಿ ಸಿಲಿಂಡರ್, ಸೈಟ್ (ಗುರಿ ನೋಡೋ ಕಿಂಡಿ), ವೇಟ್ ಎಲ್ಲ ಹಾಕಿರೋ ಹಾಗೇ ತೂಕ ಮಾಡಿ, ಕಂಪನಿ ಬ್ರೋಶರ್‌ನಲ್ಲಿರೋದನ್ನ ನಂಬ್ಬೇಡಿ. ಬಾತ್‌ರೂಮ್ ಸ್ಕೇಲ್ ಮೇಲೆ ರೈಫಲ್ ಹಿಡ್ಕೊಂಡು ನಿಂತು, ಆಮೇಲೆ ಬರೀ ನೀವು ನಿಂತು, ಕಳೆದ್ರೆ ಆಯ್ತು. ಲಗೇಜ್ ತೂಗೋ ಕೊಕ್ಕೆ ಸ್ಕೇಲ್ ಇದ್ರೆ ಇನ್ನೂ ಒಳ್ಳೇದು.

ಆಮೇಲೆ ಅಡುಗೆಮನೆಯಿಂದ ಲಟ್ಟಣಿಗೆ ತಗೊಂಡು, ಉರುಳದ ಹಾಗೆ ಕೆಳಗೆ ಒಂದು ಮಡಚಿದ ಟವೆಲ್ ಇಟ್ಟು, ಅದರ ಮೇಲೆ ಖಾಲಿ ರೈಫಲ್ ಅಡ್ಡ ಇಡಿ. ಹಿಂದೆ ಮುಂದೆ ಜರುಗಿಸ್ತಾ ಹೋದ್ರೆ ಒಂದು ಕಡೆ ತಕ್ಕಡಿ ಥರ ನಿಲ್ಲತ್ತೆ. ಆ ಜಾಗಕ್ಕೆ ಒಂದು ಚೂರು ಟೇಪ್ ಅಂಟಿಸಿ. ನೀವು ಎಡಗೈ ಇಡೋ ಜಾಗಕ್ಕೂ ಒಂದು ಟೇಪ್. ಎರಡರ ಮಧ್ಯೆ ಎಷ್ಟು ದೂರ ಇದೆ ಅನ್ನೋದೇ ಮುಖ್ಯ. ನಂದು ಕೈಯಿಂದ ಒಂಬತ್ತು ಸೆಂಟಿಮೀಟರ್ ಮುಂದೆ ಇತ್ತು, ಅಂದ್ರೆ ಮೂತಿ (ಬ್ಯಾರೆಲ್ ತುದಿ) ಯಾವಾಗ್ಲೂ ಕೆಳಕ್ಕೆ ಜಗ್ತಾ ಇತ್ತು, ಅದನ್ನ ಭುಜ ಹಿಡ್ಕೊಂಡು ಹಿಡ್ಕೊಂಡು ಸೋತಿತ್ತು. ಬಕೆಟ್ ನೀರನ್ನ ಮೈಗೆ ಹತ್ತಿರ ಹಿಡ್ಕೊಂಡು ನಡೆಯೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದು, ನೀರು ಅಷ್ಟೇ ಇರತ್ತೆ.

ಹಂತ 2: ನಿಮ್ಮ ಮಿತಿ ಎಲ್ಲಿದೆ ಅಂತ ಕಂಡ್ಕೊಳ್ಳಿ

ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಇಲ್ದೆ, ರೇಂಜಲ್ಲಿ, ಮೂತಿ ಟಾರ್ಗೆಟ್ ಕಡೆಗೇ ಇಟ್ಕೊಂಡು ಇಪ್ಪತ್ತು ಸಲ ಪೂರ್ತಿ ಪೊಸಿಷನ್ನಿಗೆ ಬನ್ನಿ, ಪ್ರತಿ ಸಲ ಹತ್ತು ಸೆಕೆಂಡ್ ಗುರಿ ಹಿಡಿದು ಇಳಿಸಿ. ಪಕ್ಕದಲ್ಲಿ ಯಾರಾದ್ರೂ ನಿಂತು ಭುಜ ನೋಡ್ತಿರ್ಲಿ. ಎಷ್ಟನೇ ಸಲಕ್ಕೆ ನಿಮ್ಮ ಭುಜ ಕಿವಿ ಕಡೆ ಏರೋಕೆ ಶುರು ಆಯ್ತು, ಎಷ್ಟನೇದಕ್ಕೆ ಸೊಂಟ ಹಿಂದಕ್ಕೆ ಬಾಗ್ತಾ ಬಂತು, ಅದನ್ನ ಬರ್ಕೊಳ್ಳಲಿ. ನಮಗೆ ನಮ್ಮದು ಗೊತ್ತಾಗಲ್ಲ, ನಾನು ಸರಿಯಾಗೇ ನಿಂತಿದ್ದೀನಿ ಅಂದ್ಕೊಂಡಿದ್ದೆ, ಫೋನಲ್ಲಿ ವಿಡಿಯೋ ತೋರ್ಸಿದಾಗ ಹನ್ನೆರಡನೇದಕ್ಕೇ ಭುಜ ಮೇಲೆ ಹೋಗಿತ್ತು.

ಮಾರನೇ ದಿನ ಬೆಳಿಗ್ಗೆ ಏನಾಗಿದೆ ನೋಡಿ. ಮಾಂಸಖಂಡ ಹಿಡ್ಕೊಂಡ ಹಾಗಿದ್ದು ಸಂಜೆ ಹೊತ್ತಿಗೆ ಸಡಿಲ ಆದ್ರೆ ಅದು ದಣಿವು, ಅಭ್ಯಾಸದಿಂದ ಹೋಗತ್ತೆ. ಕೀಲಿನ ಒಳಗೆ ಚುಚ್ಚೋ ನೋವು, ಆ ಮಗ್ಗುಲಿಗೆ ಮಲಗೋಕಾಗದ ನೋವು, ಕೈ ಬೆರಳಿಗೆ ಇಳಿಯೋ ಜೋಮು ಇವು ಮೂರರಲ್ಲಿ ಯಾವ್ದಿದ್ರೂ ನಿಲ್ಲಿಸಿ, ಮೂಳೆ ಡಾಕ್ಟ್ರನ್ನ ಅಥವಾ ಫಿಸಿಯೋನ ನೋಡಿ. ನಾನು ಮಾಡ್ದಂಗೆ ಹಲ್ಲು ಕಚ್ಚಿ ಮುಗಿಸ್ಬೇಡಿ ದಯವಿಟ್ಟು, ಆ ಇಪ್ಪತ್ತು ಶಾಟಿಗೆ ನಾನು ಏಳು ವಾರ ಕೊಟ್ಟಿದ್ದೀನಿ.

ಹಂತ 3: ಮೂತಿಯಿಂದ ಇಳಿಸ್ತಾ ಬನ್ನಿ, ಒಂದೇ ಸಲ ಎಲ್ಲಾ ಬೇಡ

ಮೊದ್ಲು ಕೈ ಹಾಕ್ಬೇಕಾಗಿರೋದು ಬ್ಯಾರೆಲ್ ವೇಟಿಗೆ. ಅಲೆನ್ ಕೀ ತಗೊಂಡು ತುದಿಯಲ್ಲಿರೋ ಒಂದು ವೇಟ್ ತೆಗೀರಿ, ಸುಮಾರು ನೂರು ಗ್ರಾಂ ಇಳಿದ್ರೆ ಸಾಕು, ಮತ್ತೆ ಲಟ್ಟಣಿಗೆ ಮೇಲೆ ಇಡಿ. ಟೇಪು ಕೈ ಕಡೆ ಎಷ್ಟು ಬಂತು ಅಂತ ನೋಡಿ ನಿಮಗೇ ಆಶ್ಚರ್ಯ ಆಗತ್ತೆ. ತುದಿಯಲ್ಲಿ ನೂರು ಗ್ರಾಂ ತೆಗೆದಿದ್ದು ಮಧ್ಯದಲ್ಲಿ ಕಾಲು ಕೆಜಿ ತೆಗೆದಿದ್ದಕ್ಕಿಂತ ಭುಜಕ್ಕೆ ಹಗುರ ಅನ್ಸತ್ತೆ.

ಆದ್ರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ರೈಫಲ್ ಹಗುರ ಆದಷ್ಟೂ ಅದರ ಅಲುಗಾಟ ಚುರುಕಾಗತ್ತೆ, ನಾಡಿ ಬಡಿತ ಕೂಡ ಸೈಟಲ್ಲಿ ಕಾಣಿಸೋಕೆ ಶುರು ಆಗತ್ತೆ. ಭಾರದ ರೈಫಲ್ ಎಮ್ಮೆ ಥರ ನಿಧಾನಕ್ಕೆ ತೂಗತ್ತೆ, ಹಗುರದ್ದು ಕರು ಥರ. ಅದಕ್ಕೇ ನೂರು ಗ್ರಾಂ ತೆಗೆದು ಮೂರು ಸೆಷನ್ ಹೊಡೆದು ನೋಡಿ, ಆಮೇಲೆ ಇನ್ನೊಂದು ನೂರು. ಮೊದಲ ಸೀರೀಸ್ (ಹತ್ತು ಶಾಟಿನ ಕಂತು) ಸ್ಕೋರ್ ಸ್ವಲ್ಪ ಬಿದ್ದು ಕೊನೇ ಸೀರೀಸ್ ಸ್ಕೋರ್ ಏರಿದ್ರೆ ನೀವು ಸರಿದಾರೀಲಿದ್ದೀರ ಅಂತ ಅರ್ಥ, ಮೊದಲನೇದೂ ಕೊನೇದೂ ಎರಡೂ ಬಿದ್ರೆ ಜಾಸ್ತಿ ಇಳಿಸಿಬಿಟ್ಟಿದ್ದೀರ. ನಾನು 4.8ರಿಂದ 4.0ಕ್ಕೆ ಬಂದು ನಿಂತೆ. 3.8 ನೋಡ್ದೆ, ನಂಗೆ ಒಗ್ಗಲಿಲ್ಲ.

ಹೊಸದಾಗಿ ತಗೊಳ್ಳೋರಾದ್ರೆ ಜೂನಿಯರ್ ಮಾಡೆಲ್‌ಗಳನ್ನ ನೋಡೋಕೆ ಸಂಕೋಚ ಬೇಡ. ವಾಲ್ಟರ್, ಫೈನ್‌ವರ್ಕ್‌ಬೌ, ಆನ್‌ಶುಟ್ಜ್ ಇವರೆಲ್ಲ ಹುಡುಗರಿಗೆ ಅಂತ ಹಗುರದ, ಗಿಡ್ಡ ಸ್ಟಾಕಿನ ಮ್ಯಾಚ್ ರೈಫಲ್ ಮಾಡ್ತಾರೆ, ಅದರ ಮೇಲೆ "ಹದಿನೆಂಟರ ಒಳಗಿನವರಿಗೆ ಮಾತ್ರ" ಅಂತ ಏನೂ ಬರೆದಿಲ್ಲ. ನಂಗೆ ಮೊದಲ ರೈಫಲ್ ಮಾರಿದ ಅಂಗಡಿಯವ್ರು "ಸರ್ ನಿಮ್ಮ ಹೈಟಿಗೆ ಇದೇ ಸರಿ" ಅಂತ ದೊಡ್ಡದನ್ನೇ ಕೊಟ್ರು, ಒಂದು ಸಲ ಭುಜಕ್ಕೆ ಏರಿಸಿ ಐದು ನಿಮಿಷ ನಿಲ್ಲಿ ಅಂತ ಹೇಳ್ಲಿಲ್ಲ. ನೀವು ಕೇಳಿ ನಿಂತು ನೋಡಿ, ಹಣ ಕೊಡೋರು ನೀವು.

ಹಂತ 4: ಭಾರ ಮೂಳೆ ಮೇಲೆ ಇಳೀಬೇಕು

ಇದು ಎಲ್ಲದಕ್ಕಿಂತ ಮುಖ್ಯ, ನಿಧಾನಕ್ಕೆ ಓದಿ.

ನಿಂತು ಹೊಡೆಯೋವಾಗ ಎಡಗೈ ರೈಫಲ್‌ನ "ಎತ್ತಿ ಹಿಡಿಯೋದು" ಅಲ್ಲ. ರೈಫಲ್ ಅಂಗೈ ಅಥವಾ ಮುಷ್ಟಿ ಮೇಲೆ ಕೂತಿರತ್ತೆ, ಮುಂಗೈ ಮೂಳೆ ಕಂಬದ ಥರ ನೇರ ನಿಂತಿರತ್ತೆ, ಮೊಣಕೈ ಸೊಂಟದ ಮೂಳೆಯ ದಿಣ್ಣೆ ಮೇಲೆ ಊರಿರತ್ತೆ, ಅಲ್ಲಿಂದ ಭಾರ ಎಡಗಾಲಿಗೆ ಇಳಿದು ನೆಲಕ್ಕೆ ಹೋಗತ್ತೆ. ಈ ದಾರಿಯಲ್ಲಿ ಎಲ್ಲೂ ತೋಳಿನ ಮಾಂಸಕ್ಕೆ ಕೆಲಸ ಇಲ್ಲ. ನಿಮಗೆ ಇಪ್ಪತ್ತನೇ ಶಾಟಿಗೆ ತೋಳು ನಡುಗ್ತಿದ್ರೆ ಆ ಕಂಬ ಎಲ್ಲೋ ಮುರಿದಿದೆ.

ನಮ್ಮ ವಯಸ್ಸಲ್ಲಿ ಅದು ಮುರಿಯೋ ಜಾಗ ಬೆನ್ನು. ಹುಡುಗ್ರು ಸೊಂಟ ಮುಂದೆ ತಳ್ಳಿ ಬೆನ್ನು ಬಿಲ್ಲಿನ ಥರ ಬಗ್ಗಿಸಿ ಮೊಣಕೈನ ಸೊಂಟಕ್ಕೆ ಮುಟ್ಟಿಸ್ತಾರೆ, ನಮ್ಮ ಬೆನ್ನು ಅಷ್ಟು ಬಗ್ಗಲ್ಲ, ಬಗ್ಗಿಸಲೂಬಾರ್ದು. ಹಾಗಾಗಿ ನಾವು ಸೊಂಟಕ್ಕೆ ಹೋಗೋ ಬದ್ಲು ರೈಫಲ್‌ನೇ ಎತ್ತರ ಮಾಡ್ಕೋಬೇಕು. ಅದಕ್ಕೆ ಕೈಗೂ ರೈಫಲ್ಲಿಗೂ ಮಧ್ಯೆ ಬರೋ ರೈಸರ್ ಬ್ಲಾಕ್ (ಎತ್ತರಿಸೋ ತುಂಡು) ಜಾಸ್ತಿ ಮಾಡೋದು ಒಂದು ದಾರಿ, ಅಂಗೈ ಬದ್ಲು ಮುಷ್ಟಿ ಮಾಡಿ ಅದರ ಮೇಲೆ ರೈಫಲ್ ಇಡೋದು ಇನ್ನೊಂದು, ಅಷ್ಟಕ್ಕೇ ಕೆಲವು ಸೆಂಟಿಮೀಟರ್ ಸಿಗತ್ತೆ. ನಾನು ಮುಷ್ಟಿಗೆ ಬದಲಾಯಿಸಿದ ದಿನ ಮೊಣಕೈ ಮೊದಲ ಸಲ ಆ ಮೂಳೆ ಮೇಲೆ ಟಕ್ ಅಂತ ಕೂತಿದ್ದು ಇನ್ನೂ ನೆನಪಿದೆ, ಭುಜ ತಾನಾಗೇ ಕೆಳಗೆ ಬಿತ್ತು, ಯಾರೋ ಹಿಂದಿಂದ ಬಂದು ಭಾರ ಇಸ್ಕೊಂಡ ಹಾಗೆ.

ಜೊತೆಗೆ ಬಟ್‌ಪ್ಲೇಟ್ (ಭುಜಕ್ಕೆ ಒರಗೋ ತುಂಡು) ಒಂದೆರಡು ಸೆಂಟಿಮೀಟರ್ ಒಳಗೆ ತಗೊಳ್ಳಿ, ರೈಫಲ್ ಮೈಗೆ ಹತ್ತಿರ ಬರತ್ತೆ. ಚೀಕ್‌ಪೀಸ್ (ಕೆನ್ನೆ ಇಡೋ ಭಾಗ) ಮೇಲೆ ಮಾಡಿ, ಕತ್ತು ಬಗ್ಗಿಸಿ ಸೈಟ್ ಹುಡುಕೋ ಬದ್ಲು ತಲೆ ನೆಟ್ಟಗಿದ್ದು ಸೈಟೇ ಕಣ್ಣಿಗೆ ಬರ್ಬೇಕು, ಕತ್ತಿನ ಸ್ಪಾಂಡಿಲೈಟಿಸ್ ಇರೋರಿಗೆ ಇದು ಬಹಳ ದೊಡ್ಡ ನೆಮ್ಮದಿ. ಇದೆಲ್ಲ ಬದಲಾಯಿಸಿದ್ಮೇಲೆ ಝೀರೋ ಮತ್ತೆ ಮಾಡ್ಕೊಳ್ಳಿ (ಗುಂಡು ಗುರಿಗೇ ಬೀಳೋ ಹಾಗೆ ಸೈಟ್ ಸರಿ ಮಾಡೋದು), ಸ್ಪರ್ಧೆಗೆ ಹೋಗೋರು ಅಳತೆಗಳು ರೂಲ್ ಒಳಗಿದೆಯಾ ಅಂತ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ಮೊದಲೇ ನೋಡಿಸ್ಕೊಳ್ಳಿ.

ಹಂತ 5: ಶಾಟ್ ಮಧ್ಯೆ ರೈಫಲ್ ಹಿಡ್ಕೊಂಡು ನಿಲ್ಬೇಡಿ

ಒಂದು ಸ್ಟ್ಯಾಂಡ್ ತಗೊಳ್ಳಿ, ಎದೆ ಎತ್ತರದ್ದು. ಲೋಡ್ ಮಾಡೋವಾಗ, ಉಸಿರು ತಗೊಳ್ಳೋವಾಗ, ಸ್ಕ್ರೀನ್ ನೋಡೋವಾಗ ರೈಫಲ್ ಅದರ ಮೇಲಿರ್ಲಿ. ಸ್ಟ್ಯಾಂಡ್ ಎತ್ತರ ಕಮ್ಮಿ ಇದ್ರೆ ಪ್ರತಿ ಸಲ ಬಗ್ಗಿ ಎತ್ತಬೇಕಾಗತ್ತೆ, ಸೊಂಟ ಹೋಗತ್ತೆ, ಅದಕ್ಕೇ ಎತ್ತರ ಇರ್ಲಿ.

ಗುರಿ ಹಿಡಿದ ಮೇಲೆ ಎಂಟು ಸೆಕೆಂಡಲ್ಲಿ ಟ್ರಿಗರ್ ಬರ್ಲಿಲ್ಲ ಅಂದ್ರೆ ಇಳಿಸಿಬಿಡಿ. ಅದಕ್ಕಿಂತ ಹೆಚ್ಚು ಉಸಿರು ಕಟ್ಟಿದ್ರೆ ಕಣ್ಣು ಮಂಜಾಗತ್ತೆ, ಬಿಪಿ ಇರೋರಿಗೆ ಒಳ್ಳೇದೂ ಅಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬಿಗಿಯಾಗಿ ಎಳ್ಕೊಂಡು ಕಟ್ಬೇಡಿ. ಮಂಡಿ ಕೀಲು ಹಿಂದಕ್ಕೆ ಲಾಕ್ ಮಾಡ್ಕೊಂಡು ತುಂಬಾ ಹೊತ್ತು ನಿಂತ್ರೆ ತಲೆ ಸುತ್ತತ್ತೆ, ಹತ್ತು ಶಾಟಿಗೊಂದ್ಸಲ ರೈಫಲ್ ಇಟ್ಟು ಕುರ್ಚಿಲಿ ಎರಡು ನಿಮಿಷ ಕೂತು ನೀರು ಕುಡೀರಿ. ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ 60 ಶಾಟಿಗೆ 75 ನಿಮಿಷ ಇದೆ, ಶಾಟಿಗೆ ಒಂದು ನಿಮಿಷ ತಗೊಂಡ್ರೂ ಹದಿನೈದು ನಿಮಿಷ ಕೂರೋಕೆ ಉಳಿಯತ್ತೆ.

ಹಂತ 6: ಸ್ಪ್ರಿಂಗ್ ಗನ್ ಇರೋರಿಗೆ

ಮನೆ ಹಿಂದೆ, ತೋಟದಲ್ಲಿ ಡಬ್ಬ ಇಟ್ಟು ಹೊಡೆಯೋರ ಹತ್ರ ಬ್ರೇಕ್ ಬ್ಯಾರೆಲ್ (ಬ್ಯಾರೆಲ್ ಮಡಚಿ ಸ್ಪ್ರಿಂಗ್ ಬಿಗಿಯೋ ಗನ್) ಜಾಸ್ತಿ ಇರತ್ತೆ. ಅದರಲ್ಲಿ ಹಿಡಿಯೋ ಭಾರಕ್ಕಿಂತ ಮುರಿದು ಕಾಕ್ ಮಾಡೋದೇ ಭುಜ ತಿನ್ನೋದು, ಪವರ್ ಜಾಸ್ತಿ ಇರೋ ಮಾಡೆಲ್‌ಗೆ ಹದಿನೈದು ಕೆಜಿ ಮೇಲೇ ಬಲ ಹಾಕ್ಬೇಕಾಗತ್ತೆ, ಪ್ರತಿ ಶಾಟಿಗೂ. ಕಾಗದದ ಟಾರ್ಗೆಟ್ಟಿಗೆ ಆ ಪವರ್ ಬೇಕಾಗೇ ಇಲ್ಲ. ವೈರೌಖ್‌ನ ಎಚ್‌ಡಬ್ಲ್ಯೂ 30 ಥರದ ಸಣ್ಣ ಸ್ಪ್ರಿಂಗರ್ ಸುಮಾರು ಎರಡೂವರೆ ಕೆಜಿ ತೂಗತ್ತೆ, ಕಾಕಿಂಗೂ ಹೆಚ್ಚೂಕಮ್ಮಿ ಅರ್ಧ ಬಲಕ್ಕೆ ಆಗತ್ತೆ. ಕಾಕ್ ಮಾಡೋವಾಗ ಬಟ್ ತೊಡೆ ಮೇಲೆ ಊರಿ ಮೈಭಾರದಿಂದ ಎಳೀರಿ, ತೋಳಿಂದ ಅಲ್ಲ. ಪೆಲೆಟ್ ಹಾಕೋವಾಗ ಇನ್ನೊಂದು ಕೈ ಬ್ಯಾರೆಲ್ ಬಿಡಲೇಬಾರ್ದು, ಹಿಡಿತ ಸಡಿಲ ಇರೋ ಕೈಯಿಂದ ಬ್ಯಾರೆಲ್ ತಪ್ಪಿಸ್ಕೊಂಡು ಮುಚ್ಕೊಂಡ್ರೆ ಬೆರಳು ಹೋಗತ್ತೆ.

ಪಿಸಿಪಿ (ಮೊದಲೇ ಸಿಲಿಂಡರಿಗೆ ತುಂಬಿದ ಗಾಳಿಯಿಂದ ಹೊಡೆಯೋ ಗನ್) ಆದ್ರೆ ಕಾಕಿಂಗ್ ಒಂದು ಬೆರಳಿನ ಕೆಲಸ. ಆದ್ರೆ ಸಿಲಿಂಡರ್ 200 ಬಾರ್‌ಗೆ ತುಂಬಿಸೋಕೆ ಹ್ಯಾಂಡ್ ಪಂಪ್ ತಗೋಬೇಡಿ, ಕೊನೇ ಐವತ್ತು ಬಾರಿಗೆ ಇಡೀ ಮೈ ಹಾಕಿ ಒತ್ಬೇಕು, ನಮ್ಮ ಎದೆಗೂ ಬೆನ್ನಿಗೂ ಆಗೋ ಕೆಲಸ ಅಲ್ಲ. ರೇಂಜಲ್ಲೇ ತುಂಬಿಸ್ಕೊಳ್ಳಿ. ಸಿಲಿಂಡರ್ ಮೇಲಿನ ತಾರೀಕು ನೋಡಿ, ಮ್ಯಾಚ್ ರೈಫಲ್ ಸಿಲಿಂಡರ್‌ಗೆ ಸಾಮಾನ್ಯವಾಗಿ ಹತ್ತು ವರ್ಷ ಆಯಸ್ಸು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮರೀತಾರೆ.

ನಮ್ಮ ದೇಶದಲ್ಲಿ 4.5 ಎಂಎಂ, 20 ಜೂಲ್ ಶಕ್ತಿಯ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಕ್ಕಿ ಪಕ್ಷಿಗೆ ಮಾತ್ರ ಗುರಿ ಇಡ್ಬೇಡಿ.

ಹಂತ 7: ಕಣ್ಣು, ಮಾತ್ರೆ

ಇದೇನು ತೂಕದ ಮಾತಲ್ಲಿ ಕಣ್ಣು ಬಂತು ಅನ್ಬೇಡಿ. ಸೈಟ್ ಮಸುಕಾಗಿದ್ರೆ ಗುರಿ ಹಿಡಿಯೋ ಹೊತ್ತು ಉದ್ದ ಆಗತ್ತೆ, ಎಂಟು ಸೆಕೆಂಡ್ ಇರೋದು ಹದಿನೈದಾಗತ್ತೆ, ಭಾರ ದುಪ್ಪಟ್ಟಾದ ಹಾಗೇ. ಓದೋ ಕನ್ನಡಕ ಒಂದಡಿ ದೂರಕ್ಕೆ, ಫ್ರಂಟ್ ಸೈಟ್ ಇರೋದು ಮೂರಡಿ ಹತ್ರ. ಪ್ರೊಗ್ರೆಸಿವ್ ಹಾಕಿದ್ರೆ ಸರಿ ಜಾಗ ಹುಡುಕೋಕೆ ಕತ್ತು ಮೇಲೆ ಕೆಳಗೆ ಮಾಡ್ಬೇಕು. ಕಣ್ಣಿನ ಡಾಕ್ಟ್ರಿಗೆ ಆ ದೂರ ಅಳತೆ ಮಾಡ್ಕೊಂಡು ಹೋಗಿ ಹೇಳಿ, ದೂರದ ನಂಬರ್ ಮೇಲೆ ಅರ್ಧ ಪವರ್ ಆಸುಪಾಸು ಸೇರಿಸಿದ ಸಿಂಗಲ್ ಲೆನ್ಸ್ ಬಹಳ ಜನಕ್ಕೆ ಸರಿ ಹೋಗತ್ತೆ. ಪೊರೆ ಬಂದಿದ್ರೆ ಆಪರೇಷನ್ನಿಗೆ ಮುಂಚೆ ನೀವು ಶೂಟಿಂಗ್ ಮಾಡ್ತೀರ, ಯಾವ ಕಣ್ಣಲ್ಲಿ ಗುರಿ ಇಡ್ತೀರ ಅಂತ ಮರೀದೆ ಹೇಳಿ.

ಮಾತ್ರೆ ವಿಷ್ಯ ಗಂಭೀರ. ಬಿಪಿಗೆ, ಹೃದಯಕ್ಕೆ ಕೊಡೋ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್‌ಗಳು ಶೂಟಿಂಗಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿ ಪ್ರಕಾರ ನಿಷೇಧ, ಸ್ಪರ್ಧೆ ದಿನ ಅಷ್ಟೇ ಅಲ್ಲ ಯಾವಾಗ್ಲೂ. ಗ್ಲಾಕೋಮಾಗೆ ಹಾಕೋ ಟಿಮೊಲಾಲ್ ಡ್ರಾಪ್ಸೂ ಅದೇ ಜಾತಿ. ಇದನ್ನ ಓದಿ ಮಾತ್ರೆ ನಿಲ್ಲಿಸಿಬಿಡ್ಬೇಡಿ, ಬೀಟಾ ಬ್ಲಾಕರ್ ತಟ್ಟಂತ ಬಿಟ್ರೆ ಹೃದಯಕ್ಕೇ ಅಪಾಯ. ಸ್ಪರ್ಧೆಗೆ ಹೋಗೋ ಆಸೆ ಇದ್ರೆ ಡಾಕ್ಟ್ರ ಜೊತೆ ಕೂತು ಬೇರೆ ಮಾತ್ರೆ ಆಗತ್ತಾ ಕೇಳಿ. ಆಗಲ್ಲ ಅಂದ್ರೆ ಮಾತ್ರೆ ತಗೊಳ್ಳಿ, ಕ್ಲಬ್ಬಲ್ಲಿ ಖುಷಿಗೆ ಹೊಡೀರಿ.

ಹಂತ 8: ಮನೇಲಿ ಹದಿನೈದು ನಿಮಿಷ

ವಾರಕ್ಕೆ ಮೂರು ದಿನ ಸಾಕು. ಗೋಡೆಗೆ ಕೈ ಊರಿ ಪುಶ್‌ಅಪ್ ಹತ್ತು. ಮೊಣಕೈ ಪಕ್ಕೆಗೆ ಅಂಟಿಸ್ಕೊಂಡು ರಬ್ಬರ್ ಬ್ಯಾಂಡನ್ನ ಹೊರಗೆ ಎಳೆಯೋದು ಹತ್ತು, ಭುಜದ ಒಳಗಿನ ಸಣ್ಣ ಸ್ನಾಯುಗಳಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು ಹತ್ತು. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲೋದು. ಬಟ್ಟೆ ಬ್ಯಾಗಲ್ಲಿ ಅರ್ಧ ಲೀಟರಿನ ಆರು ನಂದಿನಿ ಹಾಲಿನ ಪ್ಯಾಕೆಟ್ ಹಾಕಿದ್ರೆ ಸುಮಾರು ಮೂರು ಕೆಜಿ, ಅದನ್ನ ಒಂದು ಕೈಲಿ ಹಿಡ್ಕೊಂಡು ನೆಟ್ಟಗೆ ಹಜಾರದಲ್ಲಿ ನಡೀರಿ, ಆಮೇಲೆ ಇನ್ನೊಂದು ಕೈ. ನಾನು ಹಾಲು ತರೋವಾಗ್ಲೇ ಇದನ್ನ ಮುಗಿಸ್ಕೊಳ್ತೀನಿ.

ಡ್ರೈ ಫೈರಿಂಗ್ ಸ್ವಿಚ್ ಇರೋ ಪಿಸಿಪಿ ಇದ್ರೆ ಪೆಲೆಟ್ ಇಲ್ದೆ ಹತ್ತು ಶಾಟ್ ಮನೇಲೇ ಮಾಡ್ಬಹುದು. ಸ್ಪ್ರಿಂಗ್ ಗನ್ ಯಾವತ್ತೂ ಖಾಲಿ ಹೊಡೀಬೇಡಿ, ಪಿಸ್ಟನ್ ಸೀಲ್ ಹಾಳಾಗತ್ತೆ.

ಹಂತ 9: ಆದ್ರೂ ಆಗ್ತಿಲ್ಲ ಅಂದ್ರೆ

ಜರ್ಮನಿಯಲ್ಲಿ ಹಿರಿಯರಿಗೆ ಅಂತಲೇ ಔಫ್‌ಲಾಗೆ ಅನ್ನೋ ವಿಭಾಗ ಇದೆ. ರೈಫಲ್ ಮುಂಭಾಗ ಒಂದು ಸ್ಟ್ಯಾಂಡ್ ಮೇಲೆ ಊರಿರತ್ತೆ, ಬಟ್ ಭುಜಕ್ಕೆ, 30 ಶಾಟ್, ಪಾಯಿಂಟ್ ಡೆಸಿಮಲ್‌ನಲ್ಲಿ ಎಣಿಸ್ತಾರೆ. ವಯಸ್ಸಿನ ಪ್ರಕಾರ ಗುಂಪುಗಳಿವೆ, ಎಪ್ಪತ್ತು ದಾಟಿದವ್ರೂ ಪೂರ್ತಿ ಸೀರಿಯಸ್ಸಾಗಿ ಸ್ಪರ್ಧೆ ಮಾಡ್ತಾರೆ. ಟಾರ್ಗೆಟ್‌ನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಸ್ಟ್ಯಾಂಡ್ ಮೇಲಿಟ್ರೂ ಅದೇನು ಸುಲಭ ಆಗಲ್ಲ. ಪ್ಯಾರಾ ಶೂಟಿಂಗಲ್ಲೂ ಎಸ್‌ಎಚ್2 ವಿಭಾಗದವ್ರು (ಕೈಲಿ ರೈಫಲ್ ಭಾರ ಹಿಡಿಯೋಕಾಗದವ್ರು) ಸ್ಪ್ರಿಂಗ್ ಇರೋ ಸ್ಟ್ಯಾಂಡ್ ಮೇಲೆ ರೈಫಲ್ ಇಟ್ಟು ಹೊಡೀತಾರೆ, ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೂ ಹೋಗಿದ್ದು ಈ ವಿಭಾಗದಲ್ಲೇ. ವಯಸ್ಸಿನ ದಣಿವಿಗೆ ಆ ಕ್ಲಾಸ್ ಸಿಗಲ್ಲ, ಆದ್ರೆ ಸ್ಟ್ಯಾಂಡ್ ಉಪಯೋಗಿಸೋದ್ರಲ್ಲಿ ಅವಮಾನ ಏನೂ ಇಲ್ಲ ಅಂತ ಅದನ್ನ ನೋಡಿದ್ರೇ ಗೊತ್ತಾಗತ್ತೆ. ನಿಮ್ಮ ಕ್ಲಬ್ಬಲ್ಲಿ ನಾಲ್ಕು ಜನ ಹಿರಿಯರಿದ್ರೆ ಸೆಕ್ರೆಟರಿನ ಕೇಳಿ, ತಿಂಗಳಿಗೊಂದು ಭಾನುವಾರ ಸ್ಟ್ಯಾಂಡ್ ಮ್ಯಾಚ್ ಇಡಿ. ನಾವು ಮೂರೇ ಜನದಿಂದ ಶುರು ಮಾಡಿದ್ದು.

ಪಿಸ್ತೂಲಿಗೆ ಹೋಗೋದೂ ಒಂದು ದಾರಿ. ಏರ್ ಪಿಸ್ತೂಲ್ ಗರಿಷ್ಠ ಒಂದೂವರೆ ಕೆಜಿ, ಆದ್ರೆ ಒಂಟಿ ಕೈ ಚಾಚಿ ಹಿಡೀಬೇಕು, ಭುಜದ ನೋವಿರೋರು ಹಗುರ ಅಂತ ನುಗ್ಗಬೇಡಿ. ಭುಜ ಗಟ್ಟಿ ಇದ್ದು ಬೆನ್ನು ಸೋತವ್ರಿಗೆ ಚೆನ್ನಾಗಿ ಹೊಂದತ್ತೆ. ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅರವತ್ತು ದಾಟಿದ್ಮೇಲೆ ಕೈಗೆ ತಗೊಂಡಿದ್ದು ಪಿಸ್ತೂಲೇ.

ಇನ್ನೊಂದು ವಿಷ್ಯ, ರೇಂಜಿಗೆ ಹೋಗೋ ದಾರಿ. ರೈಫಲ್ ಕೇಸ್, ಜಾಕೆಟ್, ಪ್ಯಾಂಟ್, ಶೂ, ಸ್ಟ್ಯಾಂಡ್ ಎಲ್ಲ ಸೇರಿದ್ರೆ ಹದಿನೈದು ಕೆಜಿ ಹತ್ರ ಬರತ್ತೆ, ಅದನ್ನ ಹೆಗಲಿಗೆ ನೇತು ಹಾಕ್ಕೊಂಡು ಎರಡು ಮಹಡಿ ಹತ್ತಿದ್ರೆ ಮ್ಯಾಚ್ ಶುರು ಆಗೋ ಮುಂಚೆನೇ ಭುಜ ಮುಗಿದಿರತ್ತೆ. ಚಕ್ರ ಇರೋ ಕೇಸ್ ತಗೊಳ್ಳಿ, ಮೆಟ್ಟಿಲಿದ್ರೆ ಎರಡು ಸಲ ಹತ್ತಿ, ಇಲ್ಲಾ ಅಲ್ಲಿನ ಹುಡುಗ್ರನ್ನ ಕೇಳಿ, ಖಂಡಿತ ತಗೊಂಡು ಬರ್ತಾರೆ. ನಂಗೆ ಜಾಕೆಟ್ಟಿನ ಕೊನೇ ಎರಡು ಬಕಲ್ ಹಾಕೋಕೆ ಬೆರಳು ಬಗ್ಗಲ್ಲ, ಅದನ್ನ ಈಗ ಆ ಪಕ್ಕದ ಲೇನಿನ ಹುಡುಗನೇ ಹಾಕಿ ಕೊಡ್ತಾನೆ, "ಅಂಕಲ್ ಉಸಿರು ಬಿಡಿ" ಅಂತ ಹೇಳಿ ಎಳೀತಾನೆ, ಆಮೇಲೆ ಇಬ್ರೂ ನಮ್ಮ ನಮ್ಮ ಲೇನಿಗೆ ಹೋಗ್ತೀವಿ.